ಅಮೆರಿಕದ ಮಸೂದೆ ಯಾವ ಮೆಟ್ಟಿಲಲ್ಲಿದೆ? ಸುದ್ದಿ ನಂಬುವ ಮುನ್ನ ನೀವೇ ನೋಡಿಕೊಳ್ಳುವ ಬಗೆ

2025ರ ಮೇ ತಿಂಗಳ ನಡುವೆ, ಮಕ್ಕಳು ಅಮೆರಿಕದಲ್ಲಿರುವ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು ಓಡಾಡುತ್ತಿತ್ತು: ಅಲ್ಲಿಂದ ಊರಿಗೆ ಕಳುಹಿಸುವ ಹಣಕ್ಕೆ ಇನ್ನು ಶೇ 5ರಷ್ಟು ತೆರಿಗೆ. ಮೇ 22ರಂದು ಅಲ್ಲಿನ ಕೆಳಮನೆ ಆ ಮಸೂದೆಯನ್ನು ಅಂಗೀಕರಿಸಿದಾಗ ತೆರಿಗೆ ಶೇ 3.5ಕ್ಕೆ ಇಳಿದಿತ್ತು. ಜುಲೈ 4ರಂದು ಅಧ್ಯಕ್ಷರ ಸಹಿ ಬೀಳುವಷ್ಟರಲ್ಲಿ ಉಳಿದದ್ದು ಶೇ 1. ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್‌ನಂಥ ಕೈಗೆ ಸಿಗುವ ರೂಪದಲ್ಲಿ ಹಣ ಕೊಟ್ಟು ಕಳುಹಿಸುವವರಿಗೆ ಮಾತ್ರ, 2026ರ ಜನವರಿ 1ರಿಂದ. ಅಮೆರಿಕದ ಬ್ಯಾಂಕ್ ಖಾತೆಯಿಂದಲೋ ಅಲ್ಲಿನ ಡೆಬಿಟ್ ಕಾರ್ಡಿನಿಂದಲೋ ತಂದೆ ತಾಯಿಗೆ ಹಣ ಹಾಕುವ ಮಗಳಿಗೆ ಹೊಸ ಹೊರೆ ಏನೂ ಬೀಳಲಿಲ್ಲ. ಮೊದಲ ಪಠ್ಯದಲ್ಲಿ ಅಮೆರಿಕದ ಪೌರರಿಗೆ ವಿನಾಯಿತಿ ಇತ್ತು. ಕೊನೆಯ ಪಠ್ಯದಲ್ಲಿ ಪೌರತ್ವವನ್ನು ಯಾರೂ ಕೇಳುವುದಿಲ್ಲ, ಹಣವನ್ನು ಯಾವ ರೂಪದಲ್ಲಿ ಕೊಟ್ಟಿರಿ ಎಂಬುದಷ್ಟೇ ಮುಖ್ಯ.

ಶೇ 5, ಶೇ 3.5, ಶೇ 1 ಎಂಬ ಮೂರು ಶೀರ್ಷಿಕೆಗಳೂ ಆಯಾ ದಿನಕ್ಕೆ ನಿಜವೇ ಆಗಿದ್ದವು. ಮಸೂದೆ ಆಗ ಯಾವ ಮೆಟ್ಟಿಲಲ್ಲಿ ನಿಂತಿತ್ತು ಎಂಬುದನ್ನು ಮಾತ್ರ ಹೆಚ್ಚಿನವರು ಹೇಳಲಿಲ್ಲ. ಅಮೆರಿಕದ ಸುದ್ದಿಯನ್ನು ಕನ್ನಡದಲ್ಲಿ ಓದುವ ನಮಗೆ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಆ ಮೆಟ್ಟಿಲನ್ನು ನೀವೇ ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ವಕೀಲರ ವಿದ್ಯೆ ಬೇಕಿಲ್ಲ. ಒಂದು ಮೊಬೈಲ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲ ಹೆಜ್ಜೆ: ಬಂದದ್ದು ಮಸೂದೆಯೋ, ಆದೇಶವೋ, ನಿಯಮವೋ?

"ಅಮೆರಿಕದಲ್ಲಿ ಹೊಸ ಕಾನೂನು" ಎಂಬ ಶೀರ್ಷಿಕೆಯಡಿ ಮೂರು ಬೇರೆ ಬೇರೆ ಸಂಗತಿಗಳು ಬರುತ್ತವೆ. ಒಂದು, ಕಾಂಗ್ರೆಸ್ ಎಂದು ಕರೆಯುವ ಅಲ್ಲಿನ ಸಂಸತ್ತಿನ ಮುಂದಿರುವ ಮಸೂದೆ. ಎರಡು, ಅಧ್ಯಕ್ಷರು ಸಹಿ ಹಾಕುವ ಆದೇಶ ಅಥವಾ ಘೋಷಣೆ. ಮೂರು, ಗೃಹಭದ್ರತೆ, ಕಾರ್ಮಿಕ ಮುಂತಾದ ಇಲಾಖೆಗಳು ಇರುವ ಕಾಯ್ದೆಯಡಿ ರೂಪಿಸುವ ನಿಯಮ. ಈ ಮೂರರ ದಾರಿಯೂ ಬೇರೆ, ವೇಗವೂ ಬೇರೆ. ಮಸೂದೆಗೆ ವರ್ಷಗಳು ಹಿಡಿಯಬಹುದು, ಆದೇಶ ಎರಡು ದಿನದಲ್ಲಿ ಜಾರಿಗೆ ಬರಬಹುದು, ನಿಯಮ ಸಾಮಾನ್ಯವಾಗಿ ಸಾರ್ವಜನಿಕರ ಅಭಿಪ್ರಾಯ ಕೇಳಿದ ಮೇಲಷ್ಟೇ ಅಂತಿಮವಾಗುತ್ತದೆ.

ಸುದ್ದಿಯಲ್ಲಿ ಸಂಸದರ ಹೆಸರಿದ್ದರೆ ಅದು ಮಸೂದೆ ಇರಬಹುದು. "ಶ್ವೇತಭವನದಲ್ಲಿ ಸಹಿ" ಎಂದಿದ್ದರೆ ಎಚ್ಚರ ಬೇಕು: ಎರಡೂ ಸದನ ದಾಟಿ ಬಂದ ಮಸೂದೆಗೂ ಅಲ್ಲಿಯೇ ಸಹಿ ಬೀಳುತ್ತದೆ, ಯಾರನ್ನೂ ಕೇಳದೆ ಹೊರಡಿಸುವ ಆದೇಶಕ್ಕೂ ಅಲ್ಲಿಯೇ ಬೀಳುತ್ತದೆ. ಫೋಟೊ ನೋಡಿ ತೀರ್ಮಾನಕ್ಕೆ ಬರಬೇಡಿ, ಎರಡಕ್ಕೂ ಕಪ್ಪು ಪೆನ್ನು ಒಂದೇ.

ಎರಡನೇ ಹೆಜ್ಜೆ: ಸಂಖ್ಯೆ ಹಿಡಿಯಿರಿ

ಮಸೂದೆ ಎಂದು ಖಚಿತವಾದರೆ ಅದರ ಸಂಖ್ಯೆ ಹುಡುಕಿ. ಕೆಳಮನೆಯಾದ ಜನಪ್ರತಿನಿಧಿ ಸಭೆಯಲ್ಲಿ ಹುಟ್ಟಿದ್ದಾದರೆ ಎಚ್.ಆರ್., ಸೆನೆಟ್‌ನಲ್ಲಿ ಹುಟ್ಟಿದ್ದಾದರೆ ಎಸ್. ಎಂಬ ಅಕ್ಷರ ಸಂಖ್ಯೆಗೆ ಮೊದಲು ಇರುತ್ತದೆ. ಬರೀ ಎಚ್.ರೆಸ್. ಎಂದಿದ್ದರೆ ಅದು ಒಂದೇ ಸದನದ ನಿರ್ಣಯ, ಕಾನೂನಾಗುವ ಸಾಧ್ಯತೆಯೇ ಇಲ್ಲ.

ಸಂಖ್ಯೆಯ ಜೊತೆ ಕಾಂಗ್ರೆಸ್ಸಿನ ಕ್ರಮಾಂಕವನ್ನೂ ಬರೆದಿಟ್ಟುಕೊಳ್ಳಿ. ಪ್ರತಿ ಕಾಂಗ್ರೆಸ್ಸಿನ ಆಯುಸ್ಸು ಎರಡು ವರ್ಷ. 119ನೆಯದು 2025ರ ಜನವರಿ 3ರಂದು ಶುರುವಾಯಿತು, 2027ರ ಜನವರಿ 3ಕ್ಕೆ ಮುಗಿಯುತ್ತದೆ. ಹೊಸ ಕಾಂಗ್ರೆಸ್ ಬಂದಾಗ ಎಣಿಕೆ ಮತ್ತೆ ಒಂದರಿಂದ ಆರಂಭ. ಹಾಗಾಗಿ 116ನೇ ಕಾಂಗ್ರೆಸ್ಸಿನ ಎಚ್.ಆರ್. 1 ಮತದಾನ ಸುಧಾರಣೆಯ ಮಸೂದೆ, 118ರದ್ದು ಇಂಧನದ್ದು, ಮೇಲೆ ಹೇಳಿದ ತೆರಿಗೆ ಇದ್ದ ಬೃಹತ್ ಮಸೂದೆ 119ರ ಎಚ್.ಆರ್. 1. ಹಳೆಯ ಮಸೂದೆಯ ಸುದ್ದಿಯನ್ನು ಹೊಸದೆಂದು ಯಾರಾದರೂ ಮುಂದಕ್ಕೆ ತಳ್ಳಿದಾಗ ಈ ಒಂದು ಅಂಕಿಯಿಂದಲೇ ಗುಟ್ಟು ಹೊರಬೀಳುತ್ತದೆ.

ಸಂಖ್ಯೆ ಕೈಗೆ ಬಂದ ಮೇಲೆ ಹೋಗಬೇಕಾದದ್ದು ಕಾಂಗ್ರೆಸ್ ಡಾಟ್ ಗವ್ ಎಂಬ ಸರ್ಕಾರಿ ತಾಣಕ್ಕೆ. ಇದಕ್ಕೆ ಶುಲ್ಕವಿಲ್ಲ. ಮಸೂದೆಯ ಪುಟದ ಮೇಲ್ಭಾಗದಲ್ಲಿ ಮಂಡನೆಯಿಂದ ಕಾನೂನಿನವರೆಗೆ ಒಂದು ಪಟ್ಟಿ ಇರುತ್ತದೆ, ಮಸೂದೆ ಈಗ ತಲುಪಿರುವ ಹಂತ ಬಣ್ಣದಲ್ಲಿ ಎದ್ದು ಕಾಣುತ್ತದೆ. ಅದರ ಹತ್ತಿರವೇ "ಲೇಟೆಸ್ಟ್ ಆ್ಯಕ್ಷನ್" ಎಂಬ ಸಾಲಿದೆ. ಅರ್ಧಕ್ಕರ್ಧ ವದಂತಿಗಳು ಆ ಒಂದು ಸಾಲು ಓದಿದರೆ ಸಾಯುತ್ತವೆ. ಖಾತೆ ತೆರೆದರೆ ಮಸೂದೆ ಅಲುಗಾಡಿದಾಗಲೆಲ್ಲ ಇಮೇಲ್ ಬರುವಂತೆಯೂ ಮಾಡಿಕೊಳ್ಳಬಹುದು.

ಮೂರನೇ ಹೆಜ್ಜೆ: ಮಂಡನೆಯಾಯಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಡಬೇಡಿ

ನಮ್ಮ ಕಡೆಯ ಓದುಗರು ಎಡವುವುದು ಇಲ್ಲಿಯೇ, ಅದಕ್ಕೆ ಕಾರಣವೂ ಇದೆ. ವಿಧಾನಸೌಧದಲ್ಲಿ ಸಚಿವರು ಮಸೂದೆ ಮಂಡಿಸಿದರೆಂದರೆ ಸಂಪುಟ ಒಪ್ಪಿದೆ, ಬಹುಮತ ಬೆನ್ನಿಗಿದೆ, ಕೆಲವೇ ದಿನಗಳಲ್ಲಿ ಧ್ವನಿಮತದಿಂದ ಪಾಸಾಗುತ್ತದೆ ಎಂದೇ ನಾವು ತಿಳಿಯುತ್ತೇವೆ. ಅಮೆರಿಕದಲ್ಲಿ ಸಚಿವರು ಸದನದ ಸದಸ್ಯರೇ ಅಲ್ಲ. ಅಧ್ಯಕ್ಷರಿಗೂ ಮಸೂದೆ ಮಂಡಿಸುವ ಅಧಿಕಾರವಿಲ್ಲ. ನಮ್ಮ ಲೆಕ್ಕದಲ್ಲಿ ನೋಡಿದರೆ ಅಲ್ಲಿನ ಪ್ರತಿಯೊಂದು ಮಸೂದೆಯೂ ಖಾಸಗಿ ಸದಸ್ಯರ ಮಸೂದೆಯೇ. ನಮ್ಮ ಸಂಸತ್ತಿನಲ್ಲಿ ಸ್ವಾತಂತ್ರ್ಯಾನಂತರ ಕಾನೂನಾದ ಖಾಸಗಿ ಮಸೂದೆಗಳು ಹದಿನಾಲ್ಕು, ಕೊನೆಯದು 1970ರಲ್ಲಿ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಮಂಡನೆಯನ್ನು ತೂಗಿ ನೋಡಿ.

ಕೆಳಮನೆಯಲ್ಲಿ ಮಂಡಿಸುವುದೆಂದರೆ ಗುಮಾಸ್ತರ ಮೇಜಿನ ಬಳಿ ಇರುವ ಮರದ ಪೆಟ್ಟಿಗೆಯೊಂದಕ್ಕೆ ಕಾಗದ ಹಾಕುವುದು. 435 ಸದಸ್ಯರಲ್ಲಿ ಯಾರು ಬೇಕಾದರೂ ಯಾವ ಕೆಲಸದ ದಿನವಾದರೂ ಹಾಕಬಹುದು. ಎರಡು ವರ್ಷದಲ್ಲಿ ಎರಡೂ ಸದನ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಮಸೂದೆಗಳು ಬರುತ್ತವೆ, ಕಾನೂನಾಗುವುದು ಕೆಲವು ನೂರು. ಹಲವು ಮಸೂದೆಗಳ ಗುರಿ ಕಾನೂನಾಗುವುದೇ ಅಲ್ಲ, ಕ್ಷೇತ್ರದ ಪತ್ರಿಕೆಯಲ್ಲಿ ಒಂದು ಸುದ್ದಿ ಬರುವುದು. "ಎಚ್-1ಬಿ ಉದ್ಯೋಗ ವೀಸಾ ರದ್ದತಿಗೆ ಮಸೂದೆ" ಎಂದು ಓದಿದೊಡನೆ ಹೆದರುವುದು, "ಗ್ರೀನ್ ಕಾರ್ಡ್ ಮಿತಿ ತೆರವಿಗೆ ಮಸೂದೆ" ಎಂದು ಓದಿದೊಡನೆ ಹಿಗ್ಗುವುದು, ಎರಡೂ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಗೆದ್ದರು. 2025ರ ಏಪ್ರಿಲ್ 28ರಂದು ಅವರು ಅಧ್ಯಕ್ಷ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗ ನಿರ್ಣಯ ಮಂಡಿಸಿದರು. ಮೇ ಮಧ್ಯದಲ್ಲಿ ಅದನ್ನು ಮತಕ್ಕೆ ಹಾಕಿಸುವ ಯತ್ನದಿಂದ ಅವರೇ ಹಿಂದೆ ಸರಿದರು, ಅವರ ಪಕ್ಷದ ನಾಯಕರಿಗೇ ಅದು ಬೇಕಿರಲಿಲ್ಲ. "ಟ್ರಂಪ್ ವಿರುದ್ಧ ಮಹಾಭಿಯೋಗ" ಎಂಬ ಶೀರ್ಷಿಕೆ ಮಾತ್ರ ಆ ನಡುವೆ ಊರೆಲ್ಲ ಸುತ್ತಿ ಬಂದಿತ್ತು.

ಮಂಡನೆಯ ಹಂತದಲ್ಲೇ ಮಸೂದೆಯ ಕಸುವು ಅಳೆಯಬೇಕೆಂದರೆ ಸಹಿ ಹಾಕಿದ ಸಹಪ್ರಾಯೋಜಕರ ಪಟ್ಟಿ ನೋಡಿ. ಒಬ್ಬರೇ ಇದ್ದರೆ ಒಂದು ಅರ್ಥ, ಇನ್ನೂರು ಜನರಿದ್ದರೆ ಇನ್ನೊಂದು ಅರ್ಥ, ಆ ಇನ್ನೂರರಲ್ಲಿ ಎರಡೂ ಪಕ್ಷದವರಿದ್ದರೆ ಬೇರೆಯದೇ ಅರ್ಥ.

ನಾಲ್ಕನೇ ಹೆಜ್ಜೆ: ಸಮಿತಿಯ ಬಾಗಿಲು

ಮಂಡನೆಯಾದ ಮಸೂದೆ ಸಮಿತಿಗೆ ಹೋಗುತ್ತದೆ. ವಲಸೆಯ ವಿಷಯವಾದರೆ ಎರಡೂ ಸದನಗಳ ನ್ಯಾಯಾಂಗ ಸಮಿತಿಗೆ, ತೆರಿಗೆಯಾದರೆ ಕೆಳಮನೆಯ ವೇಸ್ ಆ್ಯಂಡ್ ಮೀನ್ಸ್ ಸಮಿತಿಗೆ. ಬಹುಪಾಲು ಮಸೂದೆಗಳ ಕಥೆ ಮುಗಿಯುವುದು ಇಲ್ಲಿ, ತಿರಸ್ಕಾರದಿಂದಲ್ಲ, ಮೌನದಿಂದ. ಸಮಿತಿಯ ಅಧ್ಯಕ್ಷರು ಕೈಗೆತ್ತಿಕೊಳ್ಳದಿದ್ದರೆ ಯಾರೂ ಕೇಳುವಂತಿಲ್ಲ. ಲೇಟೆಸ್ಟ್ ಆ್ಯಕ್ಷನ್ ಸಾಲಿನಲ್ಲಿ ತಿಂಗಳುಗಟ್ಟಲೆ "ರೆಫರ್ಡ್ ಟು ದ ಕಮಿಟಿ" ಎಂದೇ ಇದ್ದರೆ ಮಸೂದೆ ಮಲಗಿದೆ ಎಂದರ್ಥ. "ಮಾರ್ಕಪ್" ಎಂಬ ಪದ ಕಂಡರೆ ಕಣ್ಣರಳಿಸಿ: ಸಮಿತಿ ಸಾಲು ಸಾಲಾಗಿ ತಿದ್ದಲು ಕುಳಿತಿದೆ. "ರಿಪೋರ್ಟೆಡ್" ಎಂದಿದ್ದರೆ ಸಮಿತಿ ದಾಟಿತು.

ಸಮಿತಿಯನ್ನೂ ಸ್ಪೀಕರನ್ನೂ ಬದಿಗೊತ್ತುವ ಒಂದು ಒಳದಾರಿ ಕೆಳಮನೆಯಲ್ಲಿ ಇದೆ. ಸದನದ ಬಹುಮತ, ಎಂದರೆ 218 ಸದಸ್ಯರು, ಡಿಸ್ಚಾರ್ಜ್ ಅರ್ಜಿಗೆ ಸಹಿ ಹಾಕಿದರೆ ಮಸೂದೆಯನ್ನು ಮತಕ್ಕೆ ತರಲೇಬೇಕು. ಅಪರೂಪಕ್ಕೆ ಗೆಲ್ಲುವ ದಾರಿ ಇದು. 2025ರ ನವೆಂಬರ್‌ನಲ್ಲಿ ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಕುರಿತ ಕಡತಗಳ ಬಿಡುಗಡೆಯ ಮಸೂದೆ ಹೀಗೇ ಹೊರಬಂತು. 218ನೇ ಸಹಿ ಬಿದ್ದ ಒಂದು ವಾರದೊಳಗೆ ಕೆಳಮನೆ ಅದನ್ನು 427-1ರಿಂದ ಅಂಗೀಕರಿಸಿತು.

ಐದನೇ ಹೆಜ್ಜೆ: ಪಠ್ಯವನ್ನೇ ತೆರೆಯಿರಿ

ಬೆದರಬೇಡಿ. ಅಮೆರಿಕದ ಹೆಚ್ಚಿನ ಮಸೂದೆಗಳು ಹಳೆಯ ಕಾಯ್ದೆಗೆ ಹಾಕುವ ತೇಪೆಗಳು. 2019ರ ಎಚ್.ಆರ್. 1044, ಎಂದರೆ "ಫೇರ್‌ನೆಸ್ ಫಾರ್ ಹೈ-ಸ್ಕಿಲ್ಡ್ ಇಮಿಗ್ರಂಟ್ಸ್ ಆ್ಯಕ್ಟ್" ಎಂಬ ಮಸೂದೆಯನ್ನು ತೆಗೆದುಕೊಳ್ಳಿ. ಅಮೆರಿಕದಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳು ಇದರ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದವು. 1990ರ ವಲಸೆ ಕಾಯ್ದೆಯಂತೆ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಆದ್ದರಿಂದಲೇ 2025ರ ಕೊನೆಯಲ್ಲಿ ಇಬಿ-2 ಎಂಬ, ಉನ್ನತ ಪದವೀಧರರ ವರ್ಗದ ಭಾರತೀಯರ ಸರದಿ ಇನ್ನೂ 2013ರಲ್ಲಿ ಅರ್ಜಿ ಹಾಕಿದವರ ಹತ್ತಿರವೇ ತೆವಳುತ್ತಿತ್ತು.

ಆ ಮಸೂದೆಯಲ್ಲಿ ದೊಡ್ಡ ಭಾಷಣವೇನೂ ಇರಲಿಲ್ಲ. ಕುಟುಂಬ ವೀಸಾಗಳ ಮಟ್ಟಿಗೆ "7 ಪರ್ಸೆಂಟ್" ಎಂಬುದನ್ನು ಹೊಡೆದುಹಾಕಿ "15 ಪರ್ಸೆಂಟ್" ಎಂದು ಸೇರಿಸಿ ಎಂಬಂಥ ಸಾಲು, ಉದ್ಯೋಗ ವೀಸಾಗಳಿಗೆ ಮಿತಿಯನ್ನೇ ತೆಗೆಯುವ ಸಾಲು, ಆಮೇಲೆ ಕೆಲವು ವರ್ಷ ಬೇರೆ ದೇಶದವರಿಗೆ ಒಂದಷ್ಟು ಮೀಸಲಿಡುವ ಸಾಲು. ಅಷ್ಟೆ. ತಾಣದ "ಟೆಕ್ಸ್ಟ್" ಭಾಗದಲ್ಲಿ ಮಸೂದೆಯ ಬೇರೆ ಬೇರೆ ಆವೃತ್ತಿಗಳು ಇರುತ್ತವೆ. "ಇಂಟ್ರೊಡ್ಯೂಸ್ಡ್" ಎಂದರೆ ಮಂಡಿಸಿದ್ದು, "ಎನ್‌ಗ್ರಾಸ್ಡ್" ಎಂದರೆ ಒಂದು ಸದನ ಒಪ್ಪಿದ್ದು, "ಎನ್‌ರೋಲ್ಡ್" ಎಂದರೆ ಎರಡೂ ಒಪ್ಪಿ ಅಧ್ಯಕ್ಷರಿಗೆ ಹೋಗುವುದು. ನಿಮ್ಮ ಕೈಯಲ್ಲಿರುವ ಸುದ್ದಿ ಯಾವ ಆವೃತ್ತಿಯ ಮೇಲೆ ಬರೆದದ್ದು ಎಂದು ಕೇಳಿಕೊಳ್ಳಿ. ಪಠ್ಯ ತೀರಾ ಜಟಿಲವಾಗಿದ್ದರೆ "ಸಮ್ಮರಿ" ಇದೆ. ಅದನ್ನು ಬರೆಯುವುದು ಸಂಸತ್ತಿನದೇ ಸಂಶೋಧನಾ ಸೇವೆ, ಪಕ್ಷಗಳವರಲ್ಲ. ಕೊನೆಯ ಪುಟಗಳಲ್ಲಿ ಜಾರಿಯ ದಿನಾಂಕ ನೋಡುವುದನ್ನು ಮರೆಯಬೇಡಿ.

ಆರನೇ ಹೆಜ್ಜೆ: ಕೆಳಮನೆಯ ಮತ

ಎಚ್.ಆರ್. 1044 ಕೆಳಮನೆಯಲ್ಲಿ 2019ರ ಜುಲೈ 10ರಂದು 365-65ರಿಂದ ಗೆದ್ದಿತು. ಕ್ಯಾಲಿಫೋರ್ನಿಯಾದ ಡೆಮಾಕ್ರಾಟ್ ಜೋ ಲೋಫ್‌ಗ್ರೆನ್ ಮಂಡಿಸಿದ್ದ ಮಸೂದೆಗೆ ಎರಡೂ ಪಕ್ಷದ 300ಕ್ಕೂ ಹೆಚ್ಚು ಸಹಪ್ರಾಯೋಜಕರಿದ್ದರು. ನಿಯಮಗಳನ್ನು ಅಮಾನತಿನಲ್ಲಿಟ್ಟು ಮತಕ್ಕೆ ಹಾಕುವ ವಿಧಾನ ಅದು: ನಲವತ್ತು ನಿಮಿಷದ ಚರ್ಚೆ, ಸದನದಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ, ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು.

ಮತಗಳ ಲೆಕ್ಕದಲ್ಲಿ ಒಟ್ಟು ಸಂಖ್ಯೆಗಿಂತ ಯಾವ ಪಕ್ಷದಿಂದ ಎಷ್ಟು ಬಿದ್ದವು ಎಂಬುದನ್ನು ನೋಡಿ. ಅಲ್ಲಿ ನಮ್ಮಂತೆ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ವಿಪ್ ಉಲ್ಲಂಘಿಸಿದ್ದಕ್ಕೆ ಸದಸ್ಯತ್ವ ಹೋಗುವುದಿಲ್ಲ. ಹಾಗಾಗಿ "ಆಡಳಿತ ಪಕ್ಷಕ್ಕೆ ಬಹುಮತವಿದೆ, ಇನ್ನೇನು ಪಾಸಾಯಿತು" ಎಂಬ ನಮ್ಮ ಲೆಕ್ಕಾಚಾರ ಅಲ್ಲಿ ಕೈಕೊಡುತ್ತದೆ. ಯಾರು ಹೇಗೆ ಮತ ಹಾಕಿದರು ಎಂಬ ಹೆಸರು ಹೆಸರಿನ ಪಟ್ಟಿ ಎರಡೂ ಸದನಗಳ ತಾಣದಲ್ಲಿ ಸಿಗುತ್ತದೆ.

ಏಳನೇ ಹೆಜ್ಜೆ: ಸೆನೆಟ್. ಇಲ್ಲಿ ನಿಧಾನಿಸಿ

ಅಮೆರಿಕದ ರಾಜಕೀಯ ಅರ್ಥವಾಗಬೇಕೆಂದರೆ ಈ ನೂರು ಜನರ ಮನೆಯ ರೂಢಿಗಳು ಅರ್ಥವಾಗಬೇಕು. ನನ್ನನ್ನು ಕೇಳಿದರೆ, ಕೆಳಮನೆಯಲ್ಲಿ ಗೆದ್ದ ಸುದ್ದಿ ಓದಿ ಸಂಭ್ರಮಿಸುವವರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ಸೆನೆಟ್ ಕೇಳಿತೇ?

365 ಮತ ಪಡೆದ ಆ ಮಸೂದೆಯ ಗತಿ ನೋಡಿ. ಸೆನೆಟ್‌ನಲ್ಲಿ ಅದರ ಜೋಡಿ ಮಸೂದೆ ಎಸ್. 386. ಮಂಡಿಸಿದವರು ಯೂಟಾದ ರಿಪಬ್ಲಿಕನ್ ಮೈಕ್ ಲೀ. ಸೆನೆಟ್‌ನ ಸಮಯ ಉಳಿಸಲು ಸರ್ವಾನುಮತದಿಂದ ಪಾಸು ಮಾಡಿಸುವ ದಾರಿ ಹಿಡಿದರು. ಅದು ನಡೆಯುವುದು ಹೀಗೆ: ಸದಸ್ಯರೊಬ್ಬರು ಎದ್ದು ನಿಂತು ಮಸೂದೆಯ ಹೆಸರು ಹೇಳಿ ಸರ್ವಾನುಮತ ಕೋರುತ್ತಾರೆ. ಪೀಠದಲ್ಲಿರುವವರು "ಆಕ್ಷೇಪಣೆ ಇದೆಯೇ?" ಎಂದು ಕೇಳುತ್ತಾರೆ. ಬಹುತೇಕ ಖಾಲಿ ಸಭಾಂಗಣದಲ್ಲಿ ಇನ್ನೊಬ್ಬರೇ ಒಬ್ಬರು ಎದ್ದು "ಆಕ್ಷೇಪಣೆ ಇದೆ" ಎಂದರೆ ಮುಗಿಯಿತು. ಮುಂದಿನ ವಿಷಯ. ಮೊದಲು ರಿಪಬ್ಲಿಕನ್ ರ್‍ಯಾಂಡ್ ಪಾಲ್ ತಡೆದರು, ಅವರ ಚಿಂತೆ ವಿದೇಶಿ ದಾದಿಯರದು. ಆಮೇಲೆ ಅದೇ ಪಕ್ಷದ ಡೇವಿಡ್ ಪರ್ಡ್ಯೂ. ಆಮೇಲೆ ಡೆಮಾಕ್ರಾಟ್ ಡಿಕ್ ಡರ್ಬಿನ್, ಅವರ ವಾದ ಒಟ್ಟು ಗ್ರೀನ್ ಕಾರ್ಡ್‌ಗಳ ಸಂಖ್ಯೆಯನ್ನೇ ಹೆಚ್ಚಿಸಬೇಕು ಎಂಬುದು. ಒಬ್ಬೊಬ್ಬರನ್ನು ಒಪ್ಪಿಸುವಾಗಲೂ ಒಂದೊಂದು ಷರತ್ತು ಸೇರಿತು.

ಕೊನೆಗೆ 2020ರ ಡಿಸೆಂಬರ್ 2ರಂದು ಯಾರೂ ಆಕ್ಷೇಪಿಸಲಿಲ್ಲ, ಮಸೂದೆ ಪಾಸಾಯಿತು. ಅಂದು ರಾತ್ರಿ ಹಲವು ಮನೆಗಳಲ್ಲಿ ಸಿಹಿ ಹಂಚಿರಬಹುದು. ಆದರೆ ಸೆನೆಟ್ ಪಾಸು ಮಾಡಿದ್ದು ಕೆಳಮನೆಯ ಪಠ್ಯವನ್ನಲ್ಲ. ಎಚ್-1ಬಿ ನಿರ್ಬಂಧಗಳು, ಚೀನಾದ ಸೇನೆ ಮತ್ತು ಕಮ್ಯುನಿಸ್ಟ್ ಪಕ್ಷದ ನಂಟಿರುವವರನ್ನು ಹೊರಗಿಡುವ ಕಲಮು, ಇನ್ನೂ ಏನೇನೋ ಸೇರಿದ್ದವು. ಎರಡು ಪಠ್ಯಗಳನ್ನು ಒಂದು ಮಾಡಲು ಉಳಿದಿದ್ದದ್ದು ಒಂದು ತಿಂಗಳು. ಆಗಲಿಲ್ಲ. 2021ರ ಜನವರಿ 3ರಂದು 116ನೇ ಕಾಂಗ್ರೆಸ್ ಮುಗಿಯಿತು, ಎರಡೂ ಮನೆಗಳಲ್ಲಿ ಗೆದ್ದಿದ್ದ ಮಸೂದೆ ಅದರ ಜೊತೆಗೇ ಸತ್ತಿತು. ನಮ್ಮ ರಾಜ್ಯಸಭೆಯಲ್ಲೇ ಮಂಡನೆಯಾಗಿ ಅದರಲ್ಲೇ ಬಾಕಿ ಇರುವ ಮಸೂದೆಗಳು ಲೋಕಸಭೆ ವಿಸರ್ಜನೆಯಾದರೂ ಉಳಿಯುತ್ತವೆ. ಅಮೆರಿಕದಲ್ಲಿ ಯಾವುದೂ ಉಳಿಯುವುದಿಲ್ಲ. ಇದೇ ಹೆಸರಿನ ಮಸೂದೆ 2011ರಲ್ಲಿಯೂ ಕೆಳಮನೆಯಲ್ಲಿ 389-15ರಿಂದ ಗೆದ್ದು ಸೆನೆಟ್‌ನಲ್ಲಿ ನಿಂತುಹೋಗಿತ್ತು. ಮುಂದೆ ಈಗಲ್ ಆ್ಯಕ್ಟ್ ಎಂಬ ಹೆಸರಿನಲ್ಲಿ ಬಂದದ್ದನ್ನು 2022ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ ಮತಕ್ಕೆ ಹಾಕುವ ಮುನ್ನವೇ ಹಿಂದಕ್ಕೆ ತೆಗೆದುಕೊಂಡರು.

ಸರ್ವಾನುಮತ ಸಿಗದಿದ್ದರೆ ಉಳಿಯುವುದು 60ರ ಲೆಕ್ಕ. ಸೆನೆಟ್‌ನಲ್ಲಿ ಚರ್ಚೆಗೆ ಮಿತಿಯಿಲ್ಲ, ಚರ್ಚೆ ನಿಲ್ಲಿಸಿ ಮತಕ್ಕೆ ಹೋಗಲು 100ರಲ್ಲಿ 60 ಮತ ಬೇಕು. ಮಸೂದೆಯ ಅಂಗೀಕಾರಕ್ಕೆ 51 ಸಾಕು, ಆ 51ರ ಹತ್ತಿರ ಹೋಗಲು 60 ಬೇಕು! 2025ರಲ್ಲಿ 53 ಸ್ಥಾನವಿದ್ದೂ ರಿಪಬ್ಲಿಕನ್ನರಿಗೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರದ ಖರ್ಚಿನ ಮಸೂದೆಯನ್ನು ದಾಟಿಸಲಾಗದೆ 43 ದಿನ ಕಚೇರಿಗಳು ಮುಚ್ಚಿದ್ದು ಈ ಕಾರಣಕ್ಕೆ.

ಹಾಗಾದರೆ ಹಣ ಕಳುಹಿಸುವ ತೆರಿಗೆ ಪಾಸಾದದ್ದು ಹೇಗೆ? ಆ ಮಸೂದೆ ರೀಕನ್ಸಿಲಿಯೇಷನ್ ಎಂಬ ವಿಶೇಷ ಹಾದಿಯಲ್ಲಿ ಹೋಗಿತ್ತು. 1974ರ ಬಜೆಟ್ ಕಾಯ್ದೆಯಂತೆ ತೆರಿಗೆ ಮತ್ತು ಖರ್ಚಿನ ಮಸೂದೆಗಳಿಗೆ ಈ ದಾರಿಯಲ್ಲಿ ಸರಳ ಬಹುಮತ ಸಾಕು. 2025ರ ಜುಲೈ 1ರಂದು ಸೆನೆಟ್‌ನಲ್ಲಿ ಮತ 50-50 ಆಗಿ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ನಿರ್ಣಾಯಕ ಮತ ಹಾಕಿದರು. ಆದರೆ ಈ ಬಂಡಿಗೆ ಸಿಕ್ಕಿದ್ದೆಲ್ಲ ಹೇರುವಂತಿಲ್ಲ. ಬಜೆಟ್‌ಗೆ ನೇರ ಸಂಬಂಧವಿಲ್ಲದ್ದನ್ನು ಸೆನೆಟ್‌ನ ನಿಯಮತಜ್ಞೆ ಕಿತ್ತು ಹಾಕಿಸುತ್ತಾರೆ. 2021ರಲ್ಲಿ ಡೆಮಾಕ್ರಾಟರು ವಲಸಿಗರಿಗೆ ಅನುಕೂಲವಾಗುವ ಕಲಮುಗಳನ್ನು ಇದೇ ದಾರಿಯಲ್ಲಿ ಸೇರಿಸಲು ಹೋದಾಗ ಆ ನಿಯಮತಜ್ಞೆ ಎಲಿಜಬೆತ್ ಮ್ಯಾಕ್‌ಡೊನೊ ಮೂರು ಬಾರಿ ಬೇಡವೆಂದರು. ಆದ್ದರಿಂದ ಮಸೂದೆಯ ಸುದ್ದಿ ಓದುವಾಗ ಅದು ಯಾವ ಹಾದಿಯಲ್ಲಿದೆ, 60ರದೋ 51ರದೋ ಎಂದು ಕೇಳಿ. 60ರ ಹಾದಿಯಲ್ಲಿದ್ದು ಎದುರು ಪಕ್ಷದ ಒಬ್ಬರೂ ಸಹಿ ಹಾಕಿಲ್ಲವೆಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

51ರ ಹಾದಿಯೂ ಖಾತ್ರಿಯಲ್ಲ. ಸೆನೆಟ್‌ನಲ್ಲಿ ಮತದಾನಕ್ಕೆ ಗುಂಡಿಗಳಿಲ್ಲ, ಗುಮಾಸ್ತರು ಹೆಸರು ಕೂಗುತ್ತಾರೆ. 2017ರ ಜುಲೈ 28ರ ನಡುರಾತ್ರಿ ದಾಟಿದ ಮೇಲೆ ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆಯ ಭಾಗಗಳನ್ನು ಕಿತ್ತುಹಾಕುವ ಪ್ರಸ್ತಾವ ಮತಕ್ಕೆ ಬಂದಾಗ ರಿಪಬ್ಲಿಕನ್ ಜಾನ್ ಮೆಕೇನ್ ಮೇಜಿನ ಮುಂದೆ ನಿಂತು ಕೈ ಚಾಚಿ ಹೆಬ್ಬೆರಳನ್ನು ಕೆಳಗೆ ಮಾಡಿದರು. 49-51. ವರ್ಷಗಳ ಚುನಾವಣಾ ಭರವಸೆ ಅಲ್ಲಿಗೆ ಬಿತ್ತು.

ಎಂಟನೇ ಹೆಜ್ಜೆ: ಒಂದೇ ಪಠ್ಯ, ಒಂದು ಸಹಿ

ಎರಡೂ ಸದನಗಳು ಅಲ್ಪವಿರಾಮವೂ ಬದಲಾಗದ ಒಂದೇ ಪಠ್ಯ ಒಪ್ಪಬೇಕು. ನಮ್ಮಂತೆ ಜಂಟಿ ಅಧಿವೇಶನ ಕರೆದು ತೀರ್ಮಾನಿಸುವ ದಾರಿ ಅಲ್ಲಿಲ್ಲ. ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನದ ಗಡುವು. ರಾಜ್ಯಪಾಲರ ಅಂಗಳದಲ್ಲಿ ಮಸೂದೆಗಳು ತಿಂಗಳುಗಟ್ಟಲೆ ಕೂರುವುದನ್ನು ನೋಡಿರುವ ನಮಗೆ ಇದು ಹೊಟ್ಟೆಕಿಚ್ಚು ತರಿಸುವ ವಿಷಯ. ವಿಟೋ ಮಾಡಿದರೆ ಎರಡೂ ಸದನಗಳ ಮೂರನೇ ಎರಡರಷ್ಟು ಮತ ಅದನ್ನು ಮೀರಬಹುದು, 2021ರ ಜನವರಿ 1ರಂದು ರಕ್ಷಣಾ ಮಸೂದೆಯ ವಿಷಯದಲ್ಲಿ ಹಾಗೇ ಆಯಿತು. ಸಹಿಯಾದದ್ದಕ್ಕೆ ಪಬ್ಲಿಕ್ ಲಾ ಸಂಖ್ಯೆ ಸಿಗುತ್ತದೆ, ಹಣ ಕಳುಹಿಸುವ ತೆರಿಗೆಯದು 119-21. ಈ ಸಂಖ್ಯೆ ಇದ್ದರೆ ಮಾತ್ರ ಅದನ್ನು ಕಾನೂನು ಎನ್ನಿ.

ಆದೇಶ ಮತ್ತು ನಿಯಮಗಳಾದರೆ

ಅಧ್ಯಕ್ಷರ ಆದೇಶ ಬಂದಾಗ ಸುದ್ದಿಗೋಷ್ಠಿಯ ಮಾತನ್ನು ಬದಿಗಿಟ್ಟು ಸಹಿಯಾದ ಪಠ್ಯವನ್ನು ಓದಿ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಘೋಷಣೆಗೆ ಸಹಿ ಬಿತ್ತು, ಭಾನುವಾರ ಬೆಳಗಿನ ಜಾವ 12.01ರಿಂದ ಜಾರಿ. ವಾಣಿಜ್ಯ ಕಾರ್ಯದರ್ಶಿ ಇದು ಪ್ರತಿ ವರ್ಷದ ಶುಲ್ಕ ಎಂಬಂತೆ ಮಾತನಾಡಿದರು. ರಜೆಗೆ ಊರಿಗೆ ಬಂದವರು ಸಿಕ್ಕಿದ ವಿಮಾನಕ್ಕೆ ದುಪ್ಪಟ್ಟು ಹಣ ಕೊಟ್ಟು ಓಡಿದರು. ಶನಿವಾರ ಶ್ವೇತಭವನ ಸ್ಪಷ್ಟಪಡಿಸಿತು: ಒಂದೇ ಬಾರಿಯ ಶುಲ್ಕ, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ. ಇಂಥ ಹೊತ್ತಿನಲ್ಲಿ ಪಠ್ಯ, ಇಲಾಖೆಯ ಪ್ರಶ್ನೋತ್ತರ, ನಿಮ್ಮ ಕಂಪನಿಯ ವಕೀಲರು, ಈ ಮೂವರನ್ನು ಬಿಟ್ಟು ಬೇರಾರ ಮಾತನ್ನೂ ಟಿಕೆಟ್ ಕೊಳ್ಳುವಷ್ಟು ನಂಬಬಾರದು.

ನಿಯಮಗಳದು ಆಮೆಯ ನಡಿಗೆ. ಎಚ್-1ಬಿ ನೌಕರರ ಜೊತೆ ಎಚ್-4 ವೀಸಾದ ಮೇಲಿರುವ ಗಂಡಂದಿರು, ಹೆಂಡತಿಯರಲ್ಲಿ ಕೆಲವರಿಗೆ ಕೆಲಸ ಮಾಡಲು ಅವಕಾಶ ಕೊಟ್ಟದ್ದು ಮಸೂದೆಯಲ್ಲ, 2015ರ ಮೇ 26ರಂದು ಜಾರಿಗೆ ಬಂದ ನಿಯಮ. ನಿಯಮವಾದ್ದರಿಂದ ಇನ್ನೊಂದು ಸರ್ಕಾರ ಅದನ್ನು ತೆಗೆಯಬಹುದು, ಹಾಗಂತ ಒಂದು ಸಹಿಯಿಂದ ತೆಗೆಯಲಾಗದು. 2017ರ ಕೊನೆಯಿಂದ ಮೂರು ವರ್ಷ "ರದ್ದು ಮಾಡುತ್ತೇವೆ" ಎಂಬುದು ಇಲಾಖೆಯ ಕಾರ್ಯಸೂಚಿಯಲ್ಲಿ ಕುಳಿತಿತ್ತು, ಕರಡು ಹೊರಬರಲೇ ಇಲ್ಲ, 2021ರ ಜನವರಿಯಲ್ಲಿ ಕೈಬಿಟ್ಟರು. ಕಾರ್ಯಸೂಚಿಯಲ್ಲಿದೆ ಎಂದರೆ ಇಂಗಿತ ಮಾತ್ರ. ಕರಡು ಫೆಡರಲ್ ರಿಜಿಸ್ಟರ್ ಎಂಬ ಅಲ್ಲಿನ ರಾಜ್ಯಪತ್ರದಲ್ಲಿ ಬರಬೇಕು, ಸಾಮಾನ್ಯವಾಗಿ 30 ಅಥವಾ 60 ದಿನ ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ ನಿಯಮ, ಆಮೇಲೆ ಹೆಚ್ಚಾಗಿ ನ್ಯಾಯಾಲಯ.

ಆಕ್ಷೇಪಣೆಯ ಹಂತವನ್ನು ನಮ್ಮವರು ಬಳಸಿಕೊಳ್ಳುವುದು ಕಡಿಮೆ. ರೆಗ್ಯುಲೇಷನ್ಸ್ ಡಾಟ್ ಗವ್ ತಾಣದಲ್ಲಿ ಯಾರು ಬೇಕಾದರೂ ಬರೆಯಬಹುದು, ಪೌರರಾಗಿರಬೇಕಿಲ್ಲ, ಅಮೆರಿಕದಲ್ಲಿರಬೇಕೆಂದೂ ಇಲ್ಲ. ಸಾವಿರ ಜನ ಒಂದೇ ಪತ್ರ ಅಂಟಿಸಿದರೆ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ ಮನೆಯ ಆದಾಯ, ಮಕ್ಕಳ ಶಾಲೆ, ಕೆಲಸ ಹೋದರೆ ಆಗುವ ನಷ್ಟ, ಇವನ್ನು ನಿಖರವಾಗಿ ಬರೆದರೆ ಬೆಲೆ ಹೆಚ್ಚು, ಏಕೆಂದರೆ ಗಂಭೀರ ಆಕ್ಷೇಪಗಳಿಗೆ ಅಂತಿಮ ನಿಯಮದಲ್ಲಿ ಇಲಾಖೆ ಉತ್ತರಿಸಬೇಕಾಗುತ್ತದೆ. ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ ಹಾಕಬೇಡಿ, ಬರೆದದ್ದು ಎಲ್ಲರಿಗೂ ಕಾಣುತ್ತದೆ.

ಅಲ್ಲೇ ಇರುವವರು ಮಾಡಬಹುದಾದದ್ದು, ಮಾಡಬಾರದ್ದು

ವೀಸಾದ ಮೇಲಿದ್ದರೂ ನೀವು ವಾಸಿಸುವ ಕ್ಷೇತ್ರದ ಸಂಸದರಿಗೆ ಕರೆ ಮಾಡಬಹುದು. ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ 202-224-3121 ಅವರ ಕಚೇರಿಗೆ ಜೋಡಿಸುತ್ತದೆ. ಬೇರೆ ಕ್ಷೇತ್ರದವರ ಕರೆಗೆ ಅವರು ಕಿವಿಗೊಡುವುದು ಕಡಿಮೆ, ಆದ್ದರಿಂದ ನಿಮ್ಮ ಪಿನ್ ಕೋಡ್ ಮೊದಲು ಹೇಳಿ. ಮಸೂದೆಯ ಸಂಖ್ಯೆ, ಬೇಕೋ ಬೇಡವೋ, ಏಕೆ ಎಂಬ ಒಂದು ವಾಕ್ಯ, ಅಷ್ಟು ಸಾಕು. ಅರ್ಜಿ ವಲಸೆ ಇಲಾಖೆಯಲ್ಲಿ ಸಿಕ್ಕಿಬಿದ್ದಿದ್ದರೆ ಅದೇ ಸಂಸದರ ಸ್ಥಳೀಯ ಕಚೇರಿಯಲ್ಲಿ ಕೇಸ್‌ವರ್ಕರ್ ಇರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಇಲಾಖೆಯನ್ನು ನಿಮ್ಮ ಪರವಾಗಿ ವಿಚಾರಿಸುತ್ತಾರೆ, ಇದಕ್ಕೆ ಶುಲ್ಕವಿಲ್ಲ.

ಚುನಾವಣಾ ನಿಧಿಗೆ ಮಾತ್ರ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಅಮೆರಿಕದ ಯಾವ ಚುನಾವಣೆಗೂ, ಊರಿನ ಶಾಲಾ ಮಂಡಳಿಯದಕ್ಕೂ, ದೇಣಿಗೆ ಕೊಡುವುದು ಅಪರಾಧ. ಗೆಳೆಯರ ಔತಣಕೂಟದಲ್ಲಿ ಅಭ್ಯರ್ಥಿ ಬಂದಾಗ ಸಂಕೋಚಕ್ಕೆ ಬಿದ್ದು ಕಾರ್ಡ್ ಉಜ್ಜುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇನ್ನು ಡ್ರೈವಿಂಗ್ ಲೈಸೆನ್ಸ್ ಕಚೇರಿಗಳಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಕೇಳುತ್ತಾರೆ, ಗ್ರೀನ್ ಕಾರ್ಡ್ ಇದ್ದರೂ ಉತ್ತರ "ಬೇಡ" ಎಂದೇ ಇರಬೇಕು. ಪೌರರೆಂದು ತಪ್ಪಾಗಿ ಟಿಕ್ ಮಾಡಿದ ಒಂದು ಚೌಕ ಮುಂದೆ ಗಡೀಪಾರಿಗೆ ಕಾರಣವಾಗಬಹುದು. ಕೌಂಟರಿನಲ್ಲಿ ಕೊಟ್ಟ ಅರ್ಜಿಗೆ ಸಹಿ ಹಾಕುವ ಮೊದಲು ಆ ಚೌಕ ಖಾಲಿ ಇದೆಯೇ ಎಂದು ನೀವೇ ನೋಡಿಕೊಳ್ಳಿ. ಸಿಬ್ಬಂದಿ ತುಂಬಿಕೊಟ್ಟ ಅರ್ಜಿಯಾದರೆ ಇನ್ನೊಮ್ಮೆ ನೋಡಿ.